ಮೂವತ್ತೊಂದನೆಯ ಬೀದಿ, ಆರನೆಯ ಮನೆ

ಮಾರ್ಚ್ ೩, ಸೋಮವಾರ

ಅಂಚೆಚೀಟಿಯ ರಗಳೆ ಇನ್ನೂ ಮುಗಿದಿಲ್ಲ. ಆರುನೂರು ವರ್ಷದ ಹಿಂದೆ ಸತ್ತ ಕವಿ ಒಬ್ಬನೇ. ಅವನ ಪದ್ಯಗಳನ್ನು ನಾವೂ ಬಾಯಿಪಾಠ ಮಾಡಿ ದೊಡ್ಡವರಾದೆವು, ಗಡಿಯಾಚೆಯವರೂ ಹಾಗೇ ದೊಡ್ಡವರಾದರು. ಅವರು ಅವನ ಮುಖ ಹಾಕಿ ‘ನಮ್ಮ ಕವಿ’ ಎಂದು ಅಂಚೆಚೀಟಿ ತಂದರು. ವಾರದೊಳಗೆ ನಮ್ಮ ಸರಕಾರವೂ ‘ನಮ್ಮ ಕವಿ’ ಎಂದು ಇನ್ನೊಂದು ತಂದಿತು. ಪುಣ್ಯಾತ್ಮ ಹೇಗಿದ್ದನೆಂದು ಯಾರಿಗೂ ಗೊತ್ತಿಲ್ಲ. ಅವರ ಚೀಟಿಯಲ್ಲಿ ಗಡ್ಡ ಇದೆ, ನಮ್ಮದರಲ್ಲಿ ಇಲ್ಲ. ಇವತ್ತು ಗಡ್ಡದ ಚೀಟಿ ಅಂಟಿಸಿದ ಕಾಗದಗಳನ್ನೆಲ್ಲ ನಮ್ಮ ಅಂಚೆಯವರು ಹಿಂದಕ್ಕೆ ಕಳಿಸಿದರಂತೆ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುವುದು ಮನೆಗಳಿಗೆ ಮಾತ್ರ ಹೇಳಿದ ಮಾತಲ್ಲ.

ಆಚೆಯಿಂದ ಹೊಸದಾಗಿ ಬಂದ ಎರಡನೆಯ ಕಾರ್ಯದರ್ಶಿ ಇವತ್ತು ವೀಸಾ ವಿಭಾಗಕ್ಕೆ ಬಂದರು. ಅವರ ರಾಯಭಾರ ಕಚೇರಿಯಲ್ಲಿ ದುಡಿಯುವ ಈ ಊರಿನವರಲ್ಲಿ ನಾನೇ ಹಳಬ, ಹತ್ತೊಂಬತ್ತು ವರ್ಷ. ವೀಸಾ ಕೇಳಿ ಬಂದವರ ವಿವರ ಬರೆದಿಟ್ಟ ನನ್ನ ಕಾರ್ಡುಗಳ ಕೋಣೆ ನೋಡಿ, “ಹೆಸರಿನ ಪ್ರಕಾರ ಯಾಕೆ ಜೋಡಿಸಿಲ್ಲ?” ಎಂದು ಕೇಳಿದರು. ಈ ಪ್ರಶ್ನೆಗಾಗಿ ನಾನು ಕಾಯುತ್ತಲೇ ಇರುತ್ತೇನೆ.

“ಸಾರ್, ನಿಮ್ಮಲ್ಲೂ ಅವೇ ಹೆಸರು, ನಮ್ಮಲ್ಲೂ ಅವೇ ಹೆಸರು. ಒಂದೇ ಹೆಸರಿನವರು ನಾನೂರ ಹನ್ನೆರಡು ಜನ ಇದ್ದಾರೆ ಈ ಊರಲ್ಲಿ. ಹೆಸರು ಹಿಡ್ಕೊಂಡು ಹೋದ್ರೆ ಯಾರದೋ ಮನೆ ಮುಂದೆ ಹೋಗಿ ನಿಲ್ತೀವಿ. ಅದಕ್ಕೇ ಬೀದಿ ಪ್ರಕಾರ.”

ಬೀದಿಗಳಿಗೆ ನಾನೇ ಸಂಖ್ಯೆ ಕೊಟ್ಟಿದ್ದೇನೆ, ಆ ಸಂಖ್ಯೆಗಳ ಪುಸ್ತಕ ನನ್ನ ಮೇಜಿನಲ್ಲಿದೆ. ಕಾರ್ಡಿನ ಮೂಲೆಯಲ್ಲಿ ೩೧-೬ ಎಂದಿದ್ದರೆ ಮೂವತ್ತೊಂದನೆಯ ಬೀದಿ, ಆರನೆಯ ಮನೆ. ಗಡಿಯಾಚೆ ನೆಂಟರಿರುವ ಮನೆ ಈ ಊರಿನಲ್ಲಿ ಯಾವುದಿದ್ದರೂ ಕಣ್ಣು ಮುಚ್ಚಿ ಕಾರ್ಡು ತೆಗೆದುಕೊಡಬಲ್ಲೆ. ಹನ್ನೊಂದು ಸಾವಿರ ಕಾರ್ಡು. ಕಾರ್ಯದರ್ಶಿ ಬೆರಗಾದರು. ಸಂಜೆ ಹೆಂಡತಿಗೆ ಹೇಳಿದರೆ, “ಆ ಕಾರ್ಡುಗಳನ್ನೇ ಕಟ್ಕೋಬೇಕಿತ್ತು ನೀವು” ಅಂದಳು.

ಮಾರ್ಚ್ ೬, ಗುರುವಾರ

ಅಕ್ಕ ವೀಸಾಕ್ಕೆ ಬಂದಿದ್ದಳು. ಒಳಗೆ ಬಾ ಅಂದರೂ ಕೇಳದೆ ಬಿಸಿಲಲ್ಲಿ ಸಾಲಿನಲ್ಲೇ ನಿಂತಳು. ಭಾವ ಆಚೆಯವರು. ಅವರು ತೀರಿಕೊಂಡು ಹನ್ನೊಂದು ವರ್ಷವಾದರೂ ವರ್ಷಕ್ಕೊಮ್ಮೆ ಹೋಗಿ ಅತ್ತೆಯ ಸೇವೆ ಮಾಡಿ ಬರುತ್ತಾಳೆ.

ಅವಳು ತುಂಬಿದ ಅರ್ಜಿ ನೋಡಿದರೆ ನಾನೇ ತುಂಬಿದಂತಿದೆ. ಅವಳ ಅಕ್ಷರವೇ ನನ್ನ ಅಕ್ಷರ. ಅಮ್ಮ ಹೋದಾಗ ನನಗೆ ಐದು ವರ್ಷ, ಅವಳಿಗೆ ಹದಿನಾಲ್ಕು. ತೊಡೆಯ ಮೇಲೆ ಕೂರಿಸಿಕೊಂಡು, ಕೈ ಹಿಡಿದು ತಿದ್ದಿಸಿದಳು. ಈ ಪ್ರಪಂಚದಲ್ಲಿ ನನ್ನನ್ನು ಗದರಿಸುವ ಹಕ್ಕು ಇರುವುದು ಅವಳೊಬ್ಬಳಿಗೇ. ಇವತ್ತೂ, “ಬಡ್ಕಲು ಆಗಿದ್ದೀಯ, ಸರಿಯಾಗಿ ಉಣ್ಣೋ” ಎಂದು ಸಾಲಿನಲ್ಲಿದ್ದವರ ಎದುರಿಗೇ ಗದರಿದಳು.

ಮಾರ್ಚ್ ೯, ಭಾನುವಾರ

ಗಡಿಯ ಸೇತುವೆಯ ಮೇಲೆ ಗುಂಡು ಹಾರಿದೆ. ನಮ್ಮವರು ಹದಿನೇಳು ಜನ ಸತ್ತರು. ಅವರಲ್ಲಿ ಎಷ್ಟೋ.

ಮುಖ್ಯರಸ್ತೆಯಲ್ಲಿ ಆಚೆಯ ಬಟ್ಟೆ ಮಾರುತ್ತಿದ್ದವನ ಅಂಗಡಿಗೆ ಬೆಂಕಿ ಇಟ್ಟರು. ಅವನನ್ನು ಒಳಗೇ ಇಟ್ಟು ಬಾಗಿಲು ಎಳೆದರಂತೆ. ನಾನು ನೋಡಲಿಲ್ಲ, ವಾಸನೆ ಬಂತು. ಪಕ್ಕದ ಮನೆಯವನು ರೇಡಿಯೋ ಜೋರಾಗಿ ಹಾಕಿಕೊಂಡು ಬೀದಿಗೆಲ್ಲ ಸುದ್ದಿ ಕೇಳಿಸುತ್ತಿದ್ದಾನೆ. ಮೊದಲೇ ಅವನ ರೇಡಿಯೋ ಕಂಡರೆ ನನಗಾಗದು.

ಮಾರ್ಚ್ ೧೧, ಮಂಗಳವಾರ

ರಾಯಭಾರಿಗಳನ್ನು ವಾಪಸ್ ಕರೆಸಿಕೊಂಡರು. ಅಂಗಳದಲ್ಲಿ ಮೂರು ಪೀಪಾಯಿಗಳಲ್ಲಿ ಕಾಗದಪತ್ರ ಸುಟ್ಟರು. ಕಾರ್ಡುಗಳನ್ನು ಏನು ಮಾಡುವುದೆಂದು ಎರಡನೆಯ ಕಾರ್ಯದರ್ಶಿಯನ್ನು ಕೇಳಿದೆ. ಕಾರಿನ ಬಾಗಿಲು ಹಿಡಿದುಕೊಂಡೇ, “ಒಂದು ತಿಂಗಳಲ್ಲಿ ಬರ್ತೀವಿ. ಇಂಥ ಜೋಡಣೆ ಮತ್ತೆ ಯಾರು ಮಾಡ್ತಾರೆ? ಹಾಗೇ ಇರಲಿ” ಅಂದರು. ನನ್ನ ಎದೆ ಉಬ್ಬಿದ್ದು ಸುಳ್ಳಲ್ಲ.

ನಾವೆಲ್ಲ ಮೀಸೆ ಎಂದೇ ಕರೆಯುವ ಗೇಟಿನ ಕಾವಲುಗಾರ ಮಾತ್ರ ಬಡಕೊಂಡ. “ಸುಟ್ಹಾಕಿ ಸ್ವಾಮಿ. ಅವರಿಗೇನು, ವಿಮಾನ ಹತ್ತಿದ್ರು. ಅದರಲ್ಲಿರೋದು ನಮ್ಮೂರ ಜನದ ಮನೆಗಳು.”

ಅವನ ಸಮಾಧಾನಕ್ಕೆ ಬೀದಿ ಸಂಖ್ಯೆಗಳ ಪುಸ್ತಕವನ್ನು ಸುಟ್ಟೆ. ಅದು ನನಗೆ ಹೇಗೂ ಬಾಯಿಪಾಠ. ಜೊತೆಗೆ ಅಕ್ಕನ ಈಗಿನ ಮನೆಯ ೩೧-೬ ಕಾರ್ಡನ್ನೂ ಸುಟ್ಟೆ. ಭಾವ ಹೋದ ಮೇಲೆ ಅಕ್ಕ ಮನೆ ಬದಲಾಯಿಸಿದಳು, ಹೊಸ ಬೀದಿಯವರಿಗೆ ಅವಳ ಆಚೆಯ ಸಂಬಂಧ ಗೊತ್ತಿಲ್ಲ. ಉಳಿದ ಕಾರ್ಡುಗಳನ್ನು ಸುಡಲು ಮನಸ್ಸು ಬರಲಿಲ್ಲ. ಪುಸ್ತಕವಿಲ್ಲದೆ ಅವು ಬರೀ ಅಂಕಿ, ಯಾರಿಗೂ ತಿಳಿಯುವುದಿಲ್ಲ.

ಮಾರ್ಚ್ ೧೪, ಶುಕ್ರವಾರ

ಮೀಸೆ ಸತ್ತ.

ಬೆಳಿಗ್ಗೆ ಹತ್ತು ಗಂಟೆಗೆ ನೂರಾರು ಜನ ಬಂದರು. ಮುಂದಿದ್ದವನು ಅಂಚೆ ಕಚೇರಿ ಹತ್ತಿರದ ಸೈಕಲ್ ಅಂಗಡಿಯವನು. ಎಷ್ಟು ಸಲ ಅವನ ಹತ್ತಿರ ಪಂಕ್ಚರ್ ಹಾಕಿಸಿದ್ದೇನೆ. ಮೀಸೆ ಗೇಟಿಗೆ ಅಡ್ಡ ನಿಂತು, “ಒಳಗೆ ಯಾರೂ ಇಲ್ಲ, ಹೋಗ್ರಪ್ಪಾ” ಅನ್ನುತ್ತಿದ್ದ. ಕಬ್ಬಿಣದ ಸಲಾಕೆ ಹಿಡಿದಿದ್ದ ಒಬ್ಬ ದಡಿಯ ಅವನ ಮೊಣಕಾಲಿಗೆ ಮೊದಲು ಹೊಡೆದ, ಬಿದ್ದ ಮೇಲೆ ತಲೆಗೆ. ತಲೆ ಒಡೆದ ಮೇಲೂ ಹೊಡೆಯುತ್ತಲೇ ಇದ್ದ. ಕಚೇರಿ ಮುಚ್ಚಿದ್ದರೂ ನಾನು ಎಂದಿನಂತೆ ಕಾರ್ಡು ಕೋಣೆಗೆ ಬಂದಿದ್ದೆ, ಅಲ್ಲಿನ ಕಿಟಕಿಯಿಂದ ಎಲ್ಲ ನೋಡಿದೆ. ಹೊರಗೆ ಹೋಗಲಿಲ್ಲ.

ಆಮೇಲೆ ಒಳಗೆ ನುಗ್ಗಿದರು. ನಾನು ಬೀರುವಿನ ಹಿಂದೆ ಇದ್ದೆ. ಅವರಿಗೆ ಕಾಣುತ್ತಿರಲಿಲ್ಲ. ಖಾನೆಗಳನ್ನು ಎಳೆದು ನೆಲಕ್ಕೆ ಸುರಿಯತೊಡಗಿದರು. ಹನ್ನೆರಡನೆಯ ಬೀದಿ ಇಪ್ಪತ್ತರ ಮೇಲೆ ಬಿತ್ತು, ನಲವತ್ತು ಅದರ ಮೇಲೆ. ಹತ್ತೊಂಬತ್ತು ವರ್ಷದ ಕೆಲಸ. ಬಾಯಿಂದ ತಾನಾಗಿ ಬಂದುಬಿಟ್ಟಿತು.

“ಕಲಸ್ಬೇಡಿ!”

ಎಲ್ಲರೂ ತಿರುಗಿದರು. ಸೈಕಲ್ ಅಂಗಡಿಯವನು ಒಂದು ಕಾರ್ಡು ಎತ್ತಿಕೊಂಡು, ಮೂಲೆಯ ಅಂಕಿ ನೋಡಿ, ನನ್ನನ್ನು ನೋಡಿ, ನಿಧಾನವಾಗಿ ನಕ್ಕ. “ಓಹೋ, ಗುಮಾಸ್ತರು. ಇದರ ಲೆಕ್ಕ ನಿಮಗೆ ಗೊತ್ತು ಅನ್ನಿ.”

ಮಾರ್ಚ್ ೧೫, ಶನಿವಾರ

ಖಾನೆಗಳೆಲ್ಲ ಈಗ ಸೈಕಲ್ ಅಂಗಡಿಯಲ್ಲಿವೆ. ಟೈರುಗಳ ನಡುವೆ ನನಗೊಂದು ಸ್ಟೂಲು ಹಾಕಿದ್ದಾರೆ. ದಿನಕ್ಕೆ ಹತ್ತು ಮನೆಯ ವಿಳಾಸ ಬರೆದುಕೊಡಬೇಕು. ಇಲ್ಲವಾದರೆ ನನ್ನ ಹೆಂಡತಿಯನ್ನು ಅಲ್ಲಿಗೇ ಕರೆತರುತ್ತಾರಂತೆ. “ಕರ್ಕೊಂಡ್ ಬಂದು ಟೀ ಕೊಡ್ತೀವಿ ಅನ್ಕೋಬೇಡಿ” ಅಂದ ಸೈಕಲ್ ಅಂಗಡಿಯವನು.

ಇವತ್ತು ಉಪಾಯ ಮಾಡಿದೆ. ಸತ್ತವರ, ಊರು ಬಿಟ್ಟವರ ಹತ್ತು ಮನೆ ಬರೆದೆ. ಹೋಗಿ ಬೀಗ ಒಡೆಯಲಿ.

ಮಾರ್ಚ್ ೧೬, ಭಾನುವಾರ

ಖಾಲಿ ಮನೆಗಳು ಸಾಕಂತೆ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ನನ್ನ ಎಡಗೈಯ ಎರಡು ಬೆರಳನ್ನು ಸರಪಣಿಗೂ ಚಕ್ರದ ಹಲ್ಲಿಗೂ ನಡುವೆ ಇಟ್ಟರು. ಪೆಡಲು ತಿರುಗಿಸಿದವನು ಸಲಾಕೆಯ ದಡಿಯ. ಕೂಗಿಕೊಂಡಿದ್ದು ನೆನಪಿದೆ, ಆಮೇಲೆ ನೀರು ಎರಚಿದ್ದು.

“ಬರೆಯೋ ಕೈ ಹಾಗೇ ಬಿಟ್ಟಿದ್ದೀವಿ ಗುಮಾಸ್ತ್ರೇ. ನಾವೇನು ರಾಕ್ಷಸರಲ್ಲ” ಅಂದ ಅಂಗಡಿಯವನು.

ಮಾರ್ಚ್ ೧೭, ಸೋಮವಾರ

ಬರೆದೆ. ಹತ್ತೂ ನಿಜ.

ಗಡಿಯಾರ ರಿಪೇರಿಯವನ ಅಂಗಡಿ ಸೈಕಲ್ ಅಂಗಡಿಯ ಎದುರು ಸಾಲಿನಲ್ಲೇ ಇದೆ, ಮೇಲೆ ಮನೆ. ಅವನನ್ನು ಮಹಡಿಯಿಂದ ಎಸೆದರು. ಬಿದ್ದವನು ಎದ್ದು ಕೂರಲು ನೋಡಿದ. ಅವನದೇ ಗೋಡೆ ಗಡಿಯಾರ ಮೇಲಿನಿಂದ ತಂದು ಎದೆಯ ಮೇಲೆ ಎತ್ತಿಹಾಕಿದರು. ನನ್ನ ಕೈಗಡಿಯಾರ ಸರಿ ಮಾಡಿದವನೇ ಅವನು, ಈಗಲೂ ಸರಿಯಾಗಿ ನಡೆಯುತ್ತಿದೆ. ಅಯ್ಯೋ, ನಾನೇನು ಮಾಡಿಬಿಟ್ಟೆ. ಮನೆಗೆ ಬಂದು ವಾಂತಿ ಮಾಡಿದೆ. ಹೆಂಡತಿ ಬೆನ್ನು ತಟ್ಟುತ್ತಾ ಅತ್ತಳು.

ಅವನ ಮಗಳು ತಪ್ಪಿಸಿಕೊಂಡು ಅಕ್ಕನ ಮನೆ ಸೇರಿದ್ದಾಳೆ. ಯಾರಿಗೇನಾದರೂ ಆದರೆ ತನ್ನ ಹಿತ್ತಲ ಬಾಗಿಲು ತೆರೆದಿದೆ ಎಂದು ಅಕ್ಕ ಕಂಡ ಹೆಂಗಸರಿಗೆಲ್ಲ ಹೇಳಿಟ್ಟಿದ್ದಾಳೆ. ಹೋಗಿ ಬೈದೆ.

“ನಿನ್ನ ಮನೆ ಏನು ಛತ್ರಾನಾ? ಯಾರಾದ್ರೂ ಹಿಂದೇನೇ ಬಂದ್ರೆ?”

ಅವಳು ನನ್ನ ಎಡಗೈಗೆ ಬಟ್ಟೆ ಸುತ್ತುತ್ತಿದ್ದಳು. “ಬಂದಾಗ ನೋಡ್ಕೊಳ್ಳೋಣ. ನಿನ್ನ ಕೈಲಿ ಏನು ಮಾಡಿಸ್ತಾರೋ ಅಲ್ಲಿ?”

“ಸುಮ್ಮನೆ ಕೂರಿಸ್ತಾರೆ” ಅಂದೆ. ಅಕ್ಕನಿಗೆ ಸುಳ್ಳು ಹೇಳಿದ್ದು ಇದೇ ಮೊದಲು.

ಮಾರ್ಚ್ ೧೮, ಮಂಗಳವಾರ

ಹತ್ತು.

ಮಾರ್ಚ್ ೧೯, ಬುಧವಾರ

ಇವತ್ತು ಒಂದು ಸಂಗತಿ ನಡೆಯಿತು.

ಒಂಬತ್ತು ವಿಳಾಸ ಬರೆದು, ಹತ್ತನೆಯದಾಗಿ ಸಲಾಕೆಯ ದಡಿಯನ ಮನೆ ಬರೆದೆ. ಯೋಚಿಸಿ ಬರೆದದ್ದಲ್ಲ, ಕೈ ಬರೆಯಿತು. ಸೈಕಲ್ ಅಂಗಡಿಯವನು ಚೀಟಿ ಓದಿ ನನ್ನ ಮುಖ ನೋಡಿದ.

“ಹೌದಾ?”

“ಕಾರ್ಡಲ್ಲಿ ಹಾಗಿದೆ.”

ದಡಿಯನ ಹಿಂದೆ ಇತ್ತೀಚೆಗೆ ಹುಡುಗರು ಹೆಚ್ಚಾಗಿದ್ದರು, ಅದು ಇವನಿಗೆ ಸರಿಬರುತ್ತಿರಲಿಲ್ಲ. “ಕಾರ್ಡಲ್ಲಿದ್ರೆ ಸರಿ” ಅಂದ.

ಹೋಗಿ ಅವನ ಅಜ್ಜಿಯ ಪೆಟ್ಟಿಗೆ ಒಡೆದರೆ ಆಚೆಯಿಂದ ಬಂದ ಕಾಗದಗಳ ಕಟ್ಟು ಸಿಕ್ಕಿತಂತೆ! ಮೇಲುಗಡೆಯದಕ್ಕೆ ಗಡ್ಡದ ಅಂಚೆಚೀಟಿ. ಅವನಿಗೇ ಗೊತ್ತಿರಲಿಲ್ಲವಂತೆ. “ನಾನು ನಿಮ್ಮವನು ಕಣ್ರೋ” ಎಂದು ಅಂಗಲಾಚಿದನಂತೆ. ಅವನ ಸಲಾಕೆಯಿಂದಲೇ ಮುಗಿಸಿದರು, ಮೊದಲು ಮೊಣಕಾಲು, ಆಮೇಲೆ ತಲೆ. ಮಾಡಿದ್ದುಣ್ಣೋ ಮಹರಾಯ. ಮೀಸೆ, ನೋಡಿದೆಯಾ? ಐದು ದಿನದಿಂದ ಸೇರದ ಊಟ ಇವತ್ತು ಸೇರಿತು.

ಮಾರ್ಚ್ ೨೧, ಶುಕ್ರವಾರ

ಅವತ್ತು ಗೇಟಿನೊಳಗೆ ನುಗ್ಗಿದವರಲ್ಲಿ ಇನ್ನು ಮೂವರನ್ನು ಬರೆದೆ. ಮೂರು ಮನೆಯಲ್ಲೂ ಏನಾದರೊಂದು ಸಿಕ್ಕಿತು. ಒಂದರಲ್ಲಿ ಮದುವೆಯ ಫೋಟೋ, ಇನ್ನೊಂದರಲ್ಲಿ ಆಚೆಯ ಶಾಲೆಯ ಪ್ರಮಾಣಪತ್ರ. ಯಾವ ಮನೆ ಬರೆದರೂ ಪೆಟ್ಟಿಗೆಯ ತಳದಲ್ಲಿ ಆಚೆಯದೊಂದು ಇದ್ದೇ ಇರುತ್ತದೆ. ನಾನು ಒಂದು ಸುಳ್ಳನ್ನೂ ಬರೆದಂತಾಗಲಿಲ್ಲ. ಈಗ ಅವರೇ ಒಬ್ಬರನ್ನೊಬ್ಬರು ಅಳುಕಿನಿಂದ ನೋಡುತ್ತಾರೆ. ನನಗೆ ಟೀ ತಂದುಕೊಡುತ್ತಾರೆ, “ಗುಮಾಸ್ತ್ರೇ, ಸಕ್ಕರೆ ಸಾಕಾ?” ಅನ್ನುತ್ತಾರೆ. ಸ್ಟೂಲು ಹೋಗಿ ಕುರ್ಚಿ ಬಂದಿದೆ.

ಬಿಡುವಿನಲ್ಲಿ ಕಾರ್ಡುಗಳನ್ನು ಮತ್ತೆ ಜೋಡಿಸುತ್ತಿದ್ದೇನೆ. ಇಪ್ಪತ್ತೆರಡನೆಯ ಬೀದಿಯವರೆಗೆ ಬಂದೆ.

ಮಾರ್ಚ್ ೨೨, ಶನಿವಾರ

ಹೆಂಡತಿ ಊಟಕ್ಕೆ ಬಡಿಸುತ್ತಾ, “ಇವತ್ತು ಯಾರ್ಯಾರ್ದು ಬರೆದ್ರಿ?” ಅಂದಳು. ಕಚೇರಿಯ ವಿಷಯ ಮನೆಯಲ್ಲಿ ಬೇಡ ಅಂದೆ.

“ಅದು ಕಚೇರಿನಾ?” ಅಂದಳು. “ಮಕ್ಕಳು ಸತ್ತಿವೆ ಕಣ್ರೀ. ಆ ದಡಿಯನ ಮನೇಲಿ ತೊಟ್ಟಿಲಿತ್ತು.”

“ಚೀಟೀಲಿ ನಾನು ಮನೆ ಬರೀತೀನಿ. ತೊಟ್ಟಿಲು ಬರೆಯೋದಿಲ್ಲ.”

“ಅಷ್ಟೊಂದು ಧೈರ್ಯ ಇದ್ರೆ ಆ ಸೈಕಲ್ ಅಂಗಡಿಯವನ ಮನೆ ಬರೀರಿ.”

ಚೀಟಿ ಓದುವವನೇ ಅವನು, ಅಷ್ಟೂ ತಿಳಿಯುವುದಿಲ್ಲ ಇವಳಿಗೆ. ಒಂದು ಏಟು ಹಾಕಿದೆ. ಸಾರು ಚೆಲ್ಲಿತು. ಅವಳು ಬಟ್ಟೆ ತಂದು ನೆಲ ಒರೆಸಿದಳು. ಪಕ್ಕದ ಮನೆಯ ರೇಡಿಯೋ ಕೂಗುತ್ತಲೇ ಇತ್ತು.

ಮಾರ್ಚ್ ೨೪, ಸೋಮವಾರ

ಬಿಸಿಲು ಜಾಸ್ತಿ. ಒಂಬತ್ತು ಬರೆದಾಗಿತ್ತು, ಹತ್ತನೆಯದು ಹೊಳೆಯಲಿಲ್ಲ. ಕಾರ್ಡು ಹುಡುಕಲು ಬೇಸರ. ಪಕ್ಕದ ಮನೆ ಬರೆದೆ.

ಮಧ್ಯಾಹ್ನ ಮನೆಗೆ ಬರುವಷ್ಟರಲ್ಲಿ ಮುಗಿದಿತ್ತು. ಮೆಟ್ಟಿಲ ಮೇಲೆ ರಕ್ತ, ಒಡೆದ ರೇಡಿಯೋ. ಅವನ ಹೆಂಡತಿ ಹಿತ್ತಲಿನಿಂದ ಓಡಿಹೋದಳಂತೆ, ಇನ್ನೂ ಹುಡುಕುತ್ತಿದ್ದಾರೆ. ಎಷ್ಟೋ ದಿನಗಳ ಮೇಲೆ ಊಟವಾದ ನಂತರ ಒಂದು ಗಂಟೆ ಒಳ್ಳೆಯ ನಿದ್ದೆ ಬಂತು.

ಮಾರ್ಚ್ ೨೫, ಮಂಗಳವಾರ

ಮೂವತ್ತೊಂದನೆಯ ಬೀದಿ. ಆರನೆಯ ಮನೆ.

ಏಪ್ರಿಲ್ ೨, ಬುಧವಾರ

ಗಡಿಯಾರ ರಿಪೇರಿಯವನ ಮಗಳು ಬದುಕಿದ್ದಾಳೆ. ಅಕ್ಕನ ಮನೆಯ ಅಟ್ಟದ ಮೇಲಿನ ನೀರಿನ ತೊಟ್ಟಿಯಲ್ಲಿ ಕತ್ತಿನವರೆಗೂ ಮುಳುಗಿ ಕೂತಿದ್ದಳಂತೆ. ಇವತ್ತು ಬಂದು ಬಾಗಿಲಲ್ಲೇ ನಿಂತು ಹೇಳಿದಳು. ಒಳಗೆ ಬರಲಿಲ್ಲ. ಅಕ್ಕನನ್ನು ಅವಳು ದೊಡ್ಡಮ್ಮ ಅನ್ನುತ್ತಾಳೆ. ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದಿಡುತ್ತೇನೆ.

“ನಿಮ್ಮ ಪಕ್ಕದ ರೇಡಿಯೋ ಮನೆಯವರ ಹೆಂಡತಿ ಓಡಿ ಬಂದ್ರು. ದೊಡ್ಡಮ್ಮ ಅವರನ್ನ ಒಳಗೆ ಬಚ್ಚಿಟ್ರು. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ್ರು. ‘ಅವಳನ್ನ ಕೊಡು, ನಮ್ಮ ಚೀಟೀಲಿ ಅವಳ ಮನೆ ಇದೆ’ ಅಂದ್ರು. ‘ಯಾರು ಬರೆದ ಚೀಟಿ?’ ಅಂತ ದೊಡ್ಡಮ್ಮ ಕೇಳಿದ್ರು. ‘ನಮ್ಮ ಗುಮಾಸ್ತರು ಬರೆದಿದ್ದು, ತಪ್ಪಿರಲ್ಲ’ ಅಂದ್ರು. ದೊಡ್ಡಮ್ಮ ಚೀಟಿ ಇಸ್ಕೊಂಡು ತುಂಬಾ ಹೊತ್ತು ನೋಡಿದ್ರು. ಆಮೇಲೆ ‘ಇದು ಅವನ ಅಕ್ಷರ ಅಲ್ಲ’ ಅಂದ್ರು. ಚೀಟಿ ಹರಿದು ಹಾಕಿದ್ರು.”

ಅಲ್ಲಿಂದ ಮುಂದೆ ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆ ಹಿತ್ತಲಿನಲ್ಲಿ ಏನು ಉಳಿದಿತ್ತೋ ಅದನ್ನು ಬಟ್ಟೆಯಲ್ಲಿ ಕಟ್ಟಿ ತಂದವನು ನಾನು.

ಹೊರಡುವಾಗ ಹುಡುಗಿ, “‘ನಾನು ಅವನ ಅಕ್ಕ’ ಅಂದಿದ್ರೆ ದೊಡ್ಡಮ್ಮನ್ನ ಬಿಟ್ಟುಬಿಡ್ತಿದ್ರೇನೋ. ಯಾಕೆ ಅನ್ನಲಿಲ್ಲ?” ಎಂದು ಕೇಳಿದಳು. ನನಗೆ ಗೊತ್ತು ಯಾಕೆಂದು.

ಏಪ್ರಿಲ್ ೧೧, ಶುಕ್ರವಾರ

ಹೆಂಡತಿ ತವರಿಗೆ ಹೋದಳು. ಬರುತ್ತೇನೆಂದು ಹೇಳಲಿಲ್ಲ.

ಮೇ ೧೯, ಸೋಮವಾರ

ಎಲ್ಲ ಸರಿಹೋಯಿತಂತೆ. ಇಬ್ಬರು ವಿದೇಶಾಂಗ ಮಂತ್ರಿಗಳು ಸೇತುವೆಯ ಮೇಲೆ ಅಪ್ಪಿಕೊಂಡರು. ‘ಒಂದೇ ಬೇರಿನ ಅಣ್ಣತಮ್ಮಂದಿರ ನಡುವೆ ಬಂದ ಸಣ್ಣ ಮುನಿಸು’ ಎಂದು ಜಂಟಿ ಹೇಳಿಕೆ. ಎರಡೂ ಸರಕಾರ ಸೇರಿ ಹೊಸ ಅಂಚೆಚೀಟಿ ತಂದಿವೆ. ಕವಿಗೆ ಈಗ ಸಣ್ಣದಾಗಿ ಕತ್ತರಿಸಿದ ಗಡ್ಡ.

ರಾಯಭಾರ ಕಚೇರಿಯ ಬಾಗಿಲು ತೆರೆಯಿತು. ಗೇಟಿನ ಹತ್ತಿರ ಹೊಸ ಕಾವಲುಗಾರ, ನೆಲ ತೊಳೆದಿದ್ದಾರೆ. ಸೈಕಲ್ ಅಂಗಡಿಯವನು ಶಾಂತಿ ಸಮಿತಿಯ ಸದಸ್ಯನಾಗಿ ಬಂದು ರಾಯಭಾರಿಗಳ ಕೈ ಕುಲುಕಿದ. ಕಾರ್ಡುಗಳ ಖಾನೆಗಳನ್ನು ಜೋಪಾನವಾಗಿ ಉಳಿಸಿಕೊಟ್ಟದ್ದಕ್ಕೆ ಅವನಿಗೆ ವಂದನೆ ಹೇಳಿದರು. ನನ್ನತ್ತ ತಿರುಗಿ, “ಎಲ್ಲ ಗುಮಾಸ್ತರ ಕೈಗುಣ” ಅಂದ.

ಮೇ ೨೬, ಸೋಮವಾರ

ಎರಡೂ ದೇಶಗಳ ಜಂಟಿ ಆಯೋಗಕ್ಕೆ ಸತ್ತವರ ಪಟ್ಟಿ ಬೇಕಾಗಿದೆ. ಎರಡನೆಯ ಕಾರ್ಯದರ್ಶಿ ಹೋದ ವಾರ ನನ್ನನ್ನೇ ಕರೆದರು. “ಬೀದಿ ಪ್ರಕಾರ ಮಾಡಿಕೊಡಿ, ನಿಮ್ಮ ಹಾಗೆ ಯಾರಿಗೂ ಬರೋದಿಲ್ಲ” ಅಂದರು. ನಾಲ್ಕು ಕಾಲಂ: ಬೀದಿ ಮತ್ತು ಮನೆ, ಹೆಸರು, ವಯಸ್ಸು, ಕೊಂದವರು. ಕೊನೆಯ ಕಾಲಂನಲ್ಲಿ ಎಲ್ಲರಿಗೂ ‘ಅಪರಿಚಿತರು’ ಎಂದೇ ಬರೆಯಬೇಕು, ಅಷ್ಟು ಎರಡೂ ಕಡೆಯವರು ಒಪ್ಪಿಕೊಂಡಾಗಿದೆ.

ಮೂರು ದಿನ ಕೂತು ಬರೆದೆ. ಮುನ್ನೂರ ಹನ್ನೆರಡು ಸಾಲು. ಮೊದಲನೆಯ ಸಾಲು ಮೀಸೆಯದು. ಅವನು ಯಾವ ಬೀದಿಗೂ ಸೇರದೆ ಗೇಟಿನಲ್ಲಿ ಸತ್ತವನು. ಹದಿನೇಳನೆಯ ಬೀದಿಯಲ್ಲಿ ದಡಿಯ, ಅವನ ಕೆಳಗೆ ವಯಸ್ಸು ನಾಲ್ಕು ತಿಂಗಳು ಎಂದು ಒಂದು ಸಾಲು. ಅದನ್ನು ಬರೆದು ತುಂಬಾ ಹೊತ್ತು ಎದ್ದು ಹೋಗಿದ್ದೆ. ಬೀದಿ ಬೀದಿಯಾಗಿ ಇಳಿಯುತ್ತಾ ಬಂದಂತೆ ಗೊತ್ತಾಯಿತು, ಈ ಪಟ್ಟಿಯ ಇನ್ನೂರಕ್ಕೂ ಹೆಚ್ಚು ಸಾಲುಗಳ ಮನೆಗಳನ್ನು ನಾನು ಈ ಮೊದಲೇ ಒಮ್ಮೆ ಬರೆದಿದ್ದೇನೆ. ಇದೇ ಕೈಯಲ್ಲಿ, ಇದೇ ಅಕ್ಷರದಲ್ಲಿ. ಒಂದು ಬಿಟ್ಟು ಎಲ್ಲ ಸಾಲಿಗೂ ‘ಅಪರಿಚಿತರು’ ಎಂದು ತುಂಬಿದೆ.

ಮೂವತ್ತೊಂದು, ಆರು. ಹೆಸರು ಬರೆದೆ. ವಯಸ್ಸು ಅರವತ್ತೆರಡು. ಕೊನೆಯ ಕಾಲಂನಲ್ಲಿ ‘ತಮ್ಮ’ ಎಂದು ಬರೆದೆ.

ಇವತ್ತು ಮಧ್ಯಾಹ್ನ ಪಟ್ಟಿಯನ್ನು ಒಪ್ಪಿಸಿದೆ. ಎರಡನೆಯ ಕಾರ್ಯದರ್ಶಿ ಮೇಜಿನ ಮೇಲೆ ಹರಡಿಕೊಂಡು ಹಾಳೆ ತಿರುವಿದರು. ಆ ಹಾಳೆಯೂ ಬಂತು. ಅವರ ಬೆರಳು ಆ ಸಾಲಿನ ಮೇಲೆಯೇ ಇತ್ತು. ಓದಲಿ ಎಂದು ಬೇಡಿಕೊಂಡೆ.

“ಅಕ್ಷರ ಅಂದ್ರೆ ಇದು ನೋಡಿ. ಮುತ್ತು ಪೋಣಿಸಿದ ಹಾಗಿದೆ” ಅಂದರು. “ಯಾರು ಕಲಿಸಿದ್ದು?”

“ನಮ್ಮಕ್ಕ ಸಾರ್.”

“ಅವರಿಗೆ ನನ್ನ ನಮಸ್ಕಾರ ತಿಳಿಸಿ” ಎಂದು ಹೇಳಿ, ಹಾಳೆಯ ಕೆಳಗೆ ಸಹಿ ಮಾಡಿದರು.